ಪೋಪ್ ಜಗದ್ಗುರುಗಳು ಧೂಮಕೇತುವಿಗೆ ಬಹಿಷ್ಕಾರ ಹಾಕಿದರೇ?

ಆಗಸ್ಟ್ 6 ಬಂತೆಂದರೆ ಪ್ರಭುವಿನ ರೂಪಾಂತರದ ಹಬ್ಬ. ಮೂವರು ಶಿಷ್ಯರನ್ನು ಕರೆದುಕೊಂಡು ಯೇಸುಸ್ವಾಮಿ ಬೆಟ್ಟವೇರಿದ್ದು, ಅವರ ಮುಖ ಸೂರ್ಯನಂತೆ ಬೆಳಗಿದ್ದು, ಮೋಡದೊಳಗಿನ ದನಿ ಕೇಳಿ ಶಿಷ್ಯರು ಹೆದರಿ ಬೋರಲು ಬಿದ್ದದ್ದು, ಪ್ರಭುವೇ ಹತ್ತಿರ ಬಂದು ಅವರನ್ನು ಮುಟ್ಟಿ ಎಬ್ಬಿಸಿದ್ದು, ಇವೆಲ್ಲ ಆ ದಿನದ ಪ್ರಬೋಧನೆಯಲ್ಲಿ ನಾವು ಕೇಳುವ ಸಂಗತಿಗಳು. ಆದರೆ ಈ ಹಬ್ಬ ಇಡೀ ಧರ್ಮಸಭೆಯ ಪಂಚಾಂಗದಲ್ಲಿ ಆಗಸ್ಟ್ 6ಕ್ಕೇ ಏಕೆ ನಿಂತಿತು ಎಂಬುದನ್ನು ಕೇಳಿದವರು ಕಡಿಮೆ. ಅದರ ಹಿಂದೆ 1456ರ ಬೇಸಿಗೆಯ ಒಂದು ಕಥೆಯಿದೆ. ಆ ಕಥೆಯಲ್ಲಿ ಶತ್ರುಗಳು ಸುತ್ತುವರಿದ ಒಂದು ಕೋಟೆಯಿದೆ, ಎಪ್ಪತ್ತೇಳು ವರ್ಷದ ವೃದ್ಧ ಪೋಪರಿದ್ದಾರೆ, ಮತ್ತು ಆಕಾಶದ ತುಂಬ ಬಾಲ ಚಾಚಿದ ಒಂದು ಧೂಮಕೇತುವಿದೆ.

ಈ ಧೂಮಕೇತುವಿನಿಂದಾಗಿಯೇ ನಮ್ಮ ಧರ್ಮಸಭೆ ಬಹಳ ಕಾಲ ನಗೆಪಾಟಲಿಗೆ ಈಡಾಯಿತು. "ಬಾಲಚುಕ್ಕಿಗೆ ಹೆದರಿ ಪೋಪರು ಅದಕ್ಕೇ ಬಹಿಷ್ಕಾರ ಹಾಕಿದರಂತೆ!" ಎಂಬ ಮಾತನ್ನು ನಾನು ಮೊದಲು ಕೇಳಿದ್ದು ಕಾಲೇಜಿನ ತರಗತಿಯಲ್ಲಿ. ಮೇಷ್ಟ್ರು ನಗುತ್ತಾ ಹೇಳಿದರು, ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. ಮನೆಗೆ ಬಂದ ಮೇಲೆ ಯಾಕೋ ಮನಸ್ಸು ಮುದುಡಿತು. ಅದು ನಿಜವೋ ಸುಳ್ಳೋ ಎಂದು ತಿಳಿಯುವ ದಾರಿ ಆಗ ನನಗೆ ಗೊತ್ತಿರಲಿಲ್ಲ. ನಮ್ಮ ಮಕ್ಕಳಿಗೂ ಇಂದು ಯಾರಾದರೂ ಇದೇ ಮಾತನ್ನು ಹೇಳುತ್ತಿರಬಹುದು. ಆದ್ದರಿಂದ ನಡೆದದ್ದೇನು ಎಂದು ಸಾವಧಾನವಾಗಿ ನೋಡೋಣ.

ಮೊದಲು ಆ ಕಾಲದ ಭಯವನ್ನು ಅರ್ಥ ಮಾಡಿಕೊಳ್ಳಬೇಕು. 1453ರ ಮೇ 29ರಂದು ಕಾನ್‌ಸ್ಟಾಂಟಿನೋಪಲ್ ನಗರ ಸುಲ್ತಾನ ಎರಡನೆಯ ಮೆಹಮದನ ವಶವಾಯಿತು. ಸಾವಿರಕ್ಕೂ ಹೆಚ್ಚು ವರ್ಷ ಪೂರ್ವದ ಕ್ರೈಸ್ತ ಸಾಮ್ರಾಜ್ಯದ ರಾಜಧಾನಿಯಾಗಿದ್ದ ನಗರವದು. ಎರಡು ವರ್ಷಗಳ ಬಳಿಕ, 1455ರ ಏಪ್ರಿಲ್‌ನಲ್ಲಿ, ಸ್ಪೇನ್ ದೇಶದ ಅಲ್ಫೊನ್ಸೊ ದೆ ಬೋರ್ಹಾ ಮೂರನೆಯ ಕಲ್ಲಿಸ್ತುಸ್ ಎಂಬ ಹೆಸರಿನಿಂದ ಪೋಪರಾದರು. ಕಾನೂನು ಪಂಡಿತರು, ವಯೋವೃದ್ಧರು. ಹೆಚ್ಚು ದಿನ ಬಾಳಲಾರರೆಂದೇ ಎಲ್ಲರೂ ಎಣಿಸಿದ್ದರು. ಅವರ ತಲೆಯಲ್ಲಿದ್ದದ್ದು ಒಂದೇ ಚಿಂತೆ: ಸುಲ್ತಾನನ ಸೈನ್ಯವನ್ನು ತಡೆಯುವುದು. ಯೂರೋಪಿನ ಅರಸರಿಗೆ ಪತ್ರದ ಮೇಲೆ ಪತ್ರ ಬರೆದರು, ಬೋಧಕರನ್ನು ಕಳುಹಿಸಿದರು, ಹಡಗು ಕಟ್ಟಿಸಿದರು. ಅರಸರು ಭರವಸೆ ಕೊಟ್ಟರೇ ಹೊರತು ಸೈನ್ಯ ಕೊಡಲಿಲ್ಲ.

ಹೀಗಿರುವಾಗ 1456ರ ಮೇ ಕೊನೆಯಲ್ಲಿ ಧೂಮಕೇತು ಕಾಣಿಸಿಕೊಂಡಿತು. ಮೊದಲು ಬೆಳಗಿನ ಜಾವ ಪೂರ್ವದಲ್ಲಿ, ಆಮೇಲೆ ಸಂಜೆ ಪಶ್ಚಿಮದಲ್ಲಿ. ಜೂನ್ 9ರಂದು ಅದು ಸೂರ್ಯನಿಗೆ ಅತಿ ಸಮೀಪವಾಗಿತ್ತು ಎಂದು ಇಂದಿನ ಲೆಕ್ಕ ಹೇಳುತ್ತದೆ. ಆ ದಿನಗಳಲ್ಲಿ ಬೀದಿದೀಪಗಳಿಲ್ಲ, ಹೊಗೆಯಿಲ್ಲ. ಆಕಾಶದ ಒಂದು ಪಾಲನ್ನೇ ಆವರಿಸಿದ ಆ ಬಾಲವನ್ನು ಕಾಣದವರು ಯಾರೂ ಇದ್ದಿರಲಾರರು.

ಜನ ಹೆದರಿದ್ದು ಬರೀ ಮೂಢತನದಿಂದ ಎಂದುಕೊಳ್ಳಬೇಡಿ. ಅಂದಿನ ವಿದ್ಯಾವಂತರೇ ಹಾಗೆ ಕಲಿಸಿದ್ದರು. ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲನ ಪ್ರಕಾರ ಧೂಮಕೇತು ನಕ್ಷತ್ರಲೋಕದ ವಸ್ತುವೇ ಅಲ್ಲ. ಭೂಮಿಯಿಂದ ಮೇಲೇರಿದ ಒಣ, ಬಿಸಿ ಆವಿ ಚಂದ್ರನ ಕೆಳಗೆ ಹೊತ್ತಿಕೊಂಡು ಉರಿಯುವುದೇ ಧೂಮಕೇತು. ಗಾಳಿಯೇ ಹಾಗೆ ಕೆಟ್ಟು ಉರಿಯುತ್ತಿದೆ ಎಂದಾದರೆ ಬರ, ಬಿರುಗಾಳಿ, ಸಾಂಕ್ರಾಮಿಕ ರೋಗ ಬರುವುದು ಸಹಜವೆಂದು ಯಾರಿಗಾದರೂ ತೋರುತ್ತದೆ. ವೈದ್ಯರೂ ಜ್ಯೋತಿಷಿಗಳೂ ಇದನ್ನೇ ಮುಂದುವರಿಸಿದರು. ನಮ್ಮಲ್ಲಿಯೂ ಧೂಮಕೇತು ಎಂದರೆ ಕೇಡಿನ ಸೂಚನೆ ಎಂಬ ನಂಬಿಕೆ ಹಳೆಯದು. ಒಳ್ಳೆಯದನ್ನು ಕೆಡಿಸುವವನನ್ನು ಇಂದಿಗೂ ಧೂಮಕೇತು ಎಂದೇ ಬೈಯುತ್ತೇವೆ.

ಆದರೆ ಅದೇ ಬೇಸಿಗೆಯಲ್ಲಿ ಬೇರೊಂದು ಕೆಲಸ ಮಾಡುತ್ತಿದ್ದವರೂ ಇದ್ದರು. ಫ್ಲಾರೆನ್ಸಿನಲ್ಲಿ ಪಾವ್ಲೊ ತೊಸ್ಕನೆಲ್ಲಿ ಎಂಬ ವೈದ್ಯ ಧೂಮಕೇತು ಯಾವ ನಕ್ಷತ್ರದ ಪಕ್ಕದಲ್ಲಿದೆ ಎಂದು ಗುರುತು ಹಾಕಿಕೊಂಡರು. ನಾಲ್ಕು ಶತಮಾನಗಳ ಬಳಿಕ ಆ ಕೈಬರಹ ಸಿಕ್ಕಿದಾಗ, ಖಗೋಳಜ್ಞರು ಅದನ್ನೇ ಆಧರಿಸಿ ಧೂಮಕೇತುವಿನ ಪಥವನ್ನು ಲೆಕ್ಕ ಹಾಕುವಷ್ಟು ಅದು ಕರಾರುವಾಕ್ಕಾಗಿತ್ತು. ವಿಯೆನ್ನಾದಲ್ಲಿ ಗೇಯೊರ್ಗ್ ಪಾಯರ್‌ಬಾಕ್ ಅದು ಭೂಮಿಯಿಂದ ಎಷ್ಟು ದೂರವಿದೆ ಎಂದು ಅಳೆಯಲು ಹೊರಟರು. ಉತ್ತರ ತಪ್ಪಾಯಿತು, ಆದರೂ ಅಂಥ ಪ್ರಶ್ನೆಯನ್ನು ಕೇಳಿದ್ದೇ ದೊಡ್ಡದು.

ಇನ್ನು ರೋಮಿಗೆ ಬರೋಣ. ಜೂನ್ 29, ಸಂತ ಪೇತ್ರ ಪೌಲರ ಹಬ್ಬದ ದಿನ, ಪೋಪ್ ಕಲ್ಲಿಸ್ತುಸರು ಒಂದು ಆಜ್ಞಾಪತ್ರ ಹೊರಡಿಸಿದರು. ಪ್ರತಿ ತಿಂಗಳ ಮೊದಲ ಭಾನುವಾರ ಮೆರವಣಿಗೆ ನಡೆಯಬೇಕು. ಜನರು ಪಶ್ಚಾತ್ತಾಪಪಟ್ಟು ದೇವರ ಕಡೆ ತಿರುಗಬೇಕು. ಪ್ರತಿದಿನ ಮಧ್ಯಾಹ್ನದ ಹೊತ್ತಿನಲ್ಲಿ ಎಲ್ಲ ದೇವಾಲಯಗಳಲ್ಲೂ ಗಂಟೆ ಬಾರಿಸಬೇಕು. ಅದನ್ನು ಕೇಳಿದವರು ಮೂರು ಬಾರಿ ಪರಲೋಕದಲ್ಲಿರುವ ನಮ್ಮ ತಂದೆಯೇ, ಮೂರು ಬಾರಿ ನಮೋ ಮರಿಯಾ ಜಪಿಸಬೇಕು. ಇದೆಲ್ಲ ಸುಲ್ತಾನನ ಸೈನ್ಯದಿಂದ ರಕ್ಷಣೆ ಕೋರಿ. ಆ ಪತ್ರವನ್ನು ಮೊದಲಿನಿಂದ ಕೊನೆಯವರೆಗೆ ಓದಿದರೂ ಧೂಮಕೇತು ಎಂಬ ಪದ ಸಿಗುವುದಿಲ್ಲ. ಬಹಿಷ್ಕಾರದ ಮಾತಂತೂ ದೂರವೇ ಉಳಿಯಿತು. ಅಷ್ಟಕ್ಕೂ ಬಹಿಷ್ಕಾರವೆಂದರೆ ದೀಕ್ಷಾಸ್ನಾನ ಪಡೆದ ವ್ಯಕ್ತಿಯನ್ನು ಸಂಸ್ಕಾರಗಳಿಂದ ದೂರವಿಡುವ ಶಿಕ್ಷೆ. ಧೂಮಕೇತುವಿಗೆ ಯಾರು ದೀಕ್ಷಾಸ್ನಾನ ಕೊಟ್ಟಿದ್ದರು? ಜೀವನವಿಡೀ ಧರ್ಮಸಭೆಯ ಕಾನೂನನ್ನೇ ಓದಿದ ಕಲ್ಲಿಸ್ತುಸರಿಗೆ ಇಷ್ಟು ತಿಳಿಯದೇ ಇತ್ತೇ?

ಮುಂದಿನ ಘಟನೆಗಳು ಬೇಗ ಬೇಗ ನಡೆದವು. ಜುಲೈ 4ರಂದು ಡ್ಯಾನ್ಯೂಬ್ ನದಿಯ ದಡದ ಬೆಲ್‌ಗ್ರೇಡ್ ಕೋಟೆಗೆ ಮೆಹಮದ್ ಮುತ್ತಿಗೆ ಹಾಕಿದ. ಹಂಗೇರಿಯ ದಂಡನಾಯಕ ಹುನ್ಯಾದಿ ಯಾನೊಶ್ ಸೈನ್ಯ ಕಟ್ಟಿಕೊಂಡು ಬಂದ. ಅವನ ಜೊತೆಗೆ ಎಪ್ಪತ್ತು ವರ್ಷದ ಫ್ರಾನ್ಸಿಸ್ಕನ್ ಸನ್ಯಾಸಿ, ಕಪಿಸ್ತ್ರಾನೊದ ಸಂತ ಯೊವಾನ್ನರು, ರೈತರು, ಬಡವರು, ವಿದ್ಯಾರ್ಥಿಗಳನ್ನೊಳಗೊಂಡ ಗುಂಪನ್ನು ಕರೆತಂದರು. ಅವರಲ್ಲಿ ಎಷ್ಟೋ ಜನರ ಕೈಯಲ್ಲಿ ಕುಡುಗೋಲು, ಕವಣೆಗಳಷ್ಟೇ ಇದ್ದವು. ಜುಲೈ 22ರಂದು ಮುತ್ತಿಗೆ ಮುರಿಯಿತು, ಸುಲ್ತಾನ ಗಾಯಗೊಂಡು ಹಿಂದೆ ಸರಿದ. ಕೆಲವು ಚಿತ್ರಗಳಲ್ಲಿ, ಕಥೆಗಳಲ್ಲಿ ಕೋಟೆಯ ಮೇಲೆ ಧೂಮಕೇತು ಉರಿಯುತ್ತಿರುವಾಗಲೇ ಕದನ ನಡೆದಂತೆ ತೋರಿಸುತ್ತಾರೆ. ನಿಜವಾಗಿ ಜುಲೈ ಮೊದಲ ಭಾಗದಲ್ಲೇ ಅದು ಮಸುಕಾಗಿ ಕಣ್ಮರೆಯಾಗಿತ್ತು. ಗೆದ್ದವರ ಪಾಲಿಗೆ ರೋಗ ಕಾದಿತ್ತು: ಪಾಳೆಯದಲ್ಲಿ ಹಬ್ಬಿದ ಸಾಂಕ್ರಾಮಿಕಕ್ಕೆ ಹುನ್ಯಾದಿ ಆಗಸ್ಟ್ 11ರಂದು ತೀರಿಕೊಂಡ, ಸಂತ ಯೊವಾನ್ನರು ಅಕ್ಟೋಬರ್ 23ರಂದು. ಧೂಮಕೇತು ರೋಗ ತರುತ್ತದೆ ಎಂದವರಿಗೆ ಹೇಳಿಕೊಳ್ಳಲು ಒಂದು ಸಾಕ್ಷಿ ಸಿಕ್ಕಂತಾಯಿತು. ಬೇಸಿಗೆಯಲ್ಲಿ ಸಾವಿರಾರು ಜನ ಒಂದೆಡೆ ಸೇರಿ, ಹೆಣಗಳ ನಡುವೆ ಹೊಳೆಯ ನೀರು ಕುಡಿದರೆ ರೋಗ ಬರಲು ಆಕಾಶದ ಅಪ್ಪಣೆ ಬೇಕಿಲ್ಲ ಎಂಬುದು ನಮಗೆ ಗೊತ್ತಿದೆ, ಅವರಿಗೆ ಗೊತ್ತಿರಲಿಲ್ಲ.

ಗೆಲುವಿನ ಸುದ್ದಿ ರೋಮ್ ತಲುಪಿದ್ದು ಆಗಸ್ಟ್ 6ರಂದು. ಪೂರ್ವದ ಸಭೆಗಳಲ್ಲಿ ಮತ್ತು ಪಶ್ಚಿಮದ ಹಲವು ಕಡೆ ಆ ದಿನ ಆಗಲೇ ರೂಪಾಂತರದ ಹಬ್ಬ ನಡೆಯುತ್ತಿತ್ತು. ಮರುವರ್ಷ 1457ರಲ್ಲಿ ಪೋಪ್ ಕಲ್ಲಿಸ್ತುಸರು ಅದನ್ನು ಸಮಸ್ತ ಧರ್ಮಸಭೆಗೆ ವಿಸ್ತರಿಸಿದರು. ಮಧ್ಯಾಹ್ನದ ಗಂಟೆಯೂ ಉಳಿಯಿತು. ಹಂಗೇರಿಯಲ್ಲಿ ಅದನ್ನು ಇಂದಿಗೂ ಬೆಲ್‌ಗ್ರೇಡಿನ ಗೆಲುವಿನ ನೆನಪಿನ ಗಂಟೆ ಎಂದು ಹೇಳುತ್ತಾರೆ. ಗಂಟೆಯ ಆಜ್ಞೆ ಹೊರಟಿದ್ದು ಗೆಲುವಿಗೆ ಮೂರು ವಾರ ಮೊದಲು, ಭಯದ ನಡುವೆ, ಎಂಬುದನ್ನು ಮಾತ್ರ ಜನ ಮರೆತರು.

ಅಂದಹಾಗೆ ಅದೇ ಜುಲೈ 7ರಂದು, ಬೆಲ್‌ಗ್ರೇಡಿಗೆ ಫಿರಂಗಿಗಳು ಗುರಿ ಇಟ್ಟಿದ್ದ ವಾರದಲ್ಲೇ, ಫ್ರಾನ್ಸಿನ ರುವಾಂ ನಗರದಲ್ಲಿ ಇನ್ನೊಂದು ತೀರ್ಪು ಹೊರಬಿತ್ತು. 25 ವರ್ಷಗಳ ಹಿಂದೆ ಜೀವಂತ ಸುಡಲ್ಪಟ್ಟಿದ್ದ ಜೋನ್ ಆಫ್ ಆರ್ಕ್‌ಳ ವಿರುದ್ಧದ ವಿಚಾರಣೆ ಅನ್ಯಾಯದ್ದೆಂದು ರದ್ದಾಯಿತು. ಆ ಮರುವಿಚಾರಣೆಗೆ ಅನುಮತಿ ಕೊಟ್ಟವರು ಇದೇ ಕಲ್ಲಿಸ್ತುಸರು. ಚುಕ್ಕಿಗೆ ಶಾಪ ಹಾಕಿದ ಪೋಪ್ ಎಂದು ಅವರನ್ನು ನೆನೆಯುವವರು ಇದನ್ನೂ ನೆನೆದರೆ ಚೆನ್ನಾಗಿತ್ತು.

ಹಾಗಾದರೆ ಬಹಿಷ್ಕಾರದ ಕಥೆ ಎಲ್ಲಿಂದ ಬಂತು? ಪ್ಲಾತಿನಾ ಎಂಬ ವಿದ್ವಾಂಸ 1479ರಲ್ಲಿ ಪೋಪರ ಜೀವನಚರಿತ್ರೆಗಳನ್ನು ಅಚ್ಚು ಹಾಕಿಸಿದ. ಅವನು 1456ರಲ್ಲಿ ರೋಮಿನಲ್ಲಿರಲಿಲ್ಲ, ಕೆಲವು ವರ್ಷಗಳ ನಂತರ ಬಂದವನು. ಅವನು ಬರೆದದ್ದಿಷ್ಟು: ಧೂಮಕೇತು ಕಂಡಿತು, ಗಣಿತಜ್ಞರು ರೋಗ, ಬರ, ಅನಾಹುತಗಳನ್ನು ನುಡಿದರು, ಪೋಪರು ಪ್ರಾರ್ಥನೆಗೆ ಅಪ್ಪಣೆ ಕೊಟ್ಟರು, ಕೇಡೇನಾದರೂ ಬರುವುದಿದ್ದರೆ ಅದು ತುರ್ಕರ ಮೇಲೆ ತಿರುಗಲಿ ಎಂದು ಬೇಡಲಾಯಿತು, ಗಂಟೆ ಬಾರಿಸಲು ಹೇಳಿದರು. ಎರಡು ಬೇರೆ ಸಂಗತಿಗಳನ್ನು ಒಂದೇ ಉಸಿರಿನಲ್ಲಿ ಹೇಳಿದ್ದು ಅವನ ತಪ್ಪು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಫ್ರಾನ್ಸಿನ ಮಹಾ ಗಣಿತಜ್ಞ ಲಾಪ್ಲಾಸ್ ಇದನ್ನು ಎತ್ತಿಕೊಂಡು, ಧೂಮಕೇತುವನ್ನೂ ತುರ್ಕರನ್ನೂ ಓಡಿಸುವ ಪ್ರಾರ್ಥನೆ ಎಂದು ಬರೆದ. ಅವನ ನಂತರ ಖಗೋಳಜ್ಞ ಅರಾಗೊ ಅದನ್ನು ಬಹಿಷ್ಕಾರವೆಂದೇ ಕರೆದ. ಕಡ್ಡಿ ಗುಡ್ಡವಾಯಿತು. ಆಮೇಲೆ ಮೂಲ ಪತ್ರವನ್ನು ತೆರೆದು ನೋಡುವ ತೊಂದರೆಯನ್ನು ಯಾರೂ ತೆಗೆದುಕೊಳ್ಳಲಿಲ್ಲ; ವಿಜ್ಞಾನಿಗಳೇ ಹೇಳಿದ ಮೇಲೆ ಇನ್ನೇನು!

ಈ ಮಾತು ಎಲ್ಲಿಯವರೆಗೆ ಹೋಯಿತೆಂದರೆ, 1862ರ ಸೆಪ್ಟೆಂಬರ್ 13ರಂದು ಅಮೆರಿಕದ ಅಧ್ಯಕ್ಷ ಅಬ್ರಹಾಂ ಲಿಂಕನ್ ಗುಲಾಮರ ವಿಮೋಚನೆಯ ಘೋಷಣೆ ಹೊರಡಿಸಿರೆಂದು ಕೇಳಲು ಬಂದ ನಿಯೋಗಕ್ಕೆ, ಜಾರಿ ಮಾಡಲಾಗದ ಆಜ್ಞೆ ಪೋಪರು ಧೂಮಕೇತುವಿಗೆ ಹೊರಡಿಸಿದ ಆಜ್ಞೆಯಂತಾದೀತು ಎಂಬ ಅರ್ಥದ ಉತ್ತರ ಕೊಟ್ಟ. ಒಂಬತ್ತು ದಿನಗಳ ಬಳಿಕ ಆ ಘೋಷಣೆಯನ್ನು ಹೊರಡಿಸಿಯೂ ಬಿಟ್ಟ, ಅದು ಬೇರೆ ಮಾತು. ಕೊನೆಗೆ 1909ರಲ್ಲಿ, ಧೂಮಕೇತು ಮತ್ತೆ ಬರುವ ಹೊತ್ತಿಗೆ, ಯೇಸುಸಭೆಯ ಗುರು ಯೊಹಾನ್ ಸ್ಟೈನ್ ಹಳೆಯ ಕಡತಗಳನ್ನೆಲ್ಲ ಶೋಧಿಸಿ ಇಡೀ ವಿಷಯವನ್ನು ಬಯಲಿಗಿಟ್ಟರು. ಅದು ಪ್ರಕಟವಾದದ್ದು ವ್ಯಾಟಿಕನ್ ವೀಕ್ಷಣಾಲಯದಿಂದ. ಮುಂದೆ ಅವರೇ ಅದರ ನಿರ್ದೇಶಕರಾದರು.

ಇಷ್ಟು ಹೇಳಿ ಎದೆಯುಬ್ಬಿಸಿಕೊಂಡು ಕೂರುವಂತಿಲ್ಲ. ಬಹಿಷ್ಕಾರ ಸುಳ್ಳು ಎಂಬುದು ನಿಜ. ಆದರೆ ಅಂದಿನ ಗುರುಗಳೂ ಜನರೂ ಧೂಮಕೇತುವಿಗೆ ಹೆದರಿದ್ದು ಸುಳ್ಳಲ್ಲ. ಪ್ಲಾತಿನಾ ಹೇಳಿದಂತೆ, ಬರುವ ಕೇಡು ಶತ್ರುಗಳ ಮನೆಗೆ ಹೋಗಲಿ ಎಂದು ಬೇಡಿಕೊಂಡಿದ್ದರೆ, ವೈರಿಗಳಿಗಾಗಿ ಪ್ರಾರ್ಥಿಸಿರಿ ಎಂದ ಪ್ರಭುವಿನ ಮಾತಿನ ಎದುರು ಅದನ್ನು ಸಮರ್ಥಿಸುವುದು ನನಗಂತೂ ಕಷ್ಟ. ಆಕಾಶದಲ್ಲಿ ಕಾಣುವ ಸೂಚನೆಗಳಿಗೆ ಅಂಜಬೇಡಿ ಎಂದು ಪ್ರವಾದಿ ಯೆರೆಮೀಯ ತನ್ನ ಗ್ರಂಥದ ಹತ್ತನೆಯ ಅಧ್ಯಾಯದಲ್ಲಿ ಎಚ್ಚರಿಸಿದ್ದು ಇದಕ್ಕೆ ಎರಡು ಸಾವಿರ ವರ್ಷ ಮೊದಲೇ. ಅದೂ ಪೀಠದ ಮೇಲಿನ ಗ್ರಂಥದಲ್ಲೇ ಇತ್ತು. ಪದುವಾದ ಸ್ಕ್ರೊವೆಞಿ ದೇವಾಲಯದಲ್ಲಿ ಚಿತ್ರಕಾರ ಜೊತ್ತೊ ಸುಮಾರು 1305ರಲ್ಲಿ ಬಿಡಿಸಿದ ಮೂರು ರಾಯರ ಆರಾಧನೆಯ ಚಿತ್ರವನ್ನು ನೋಡಿದರೆ, ಗೋದಲಿಯ ಮಾಡಿನ ಮೇಲೆ ಬೆತ್ಲೆಹೇಮಿನ ನಕ್ಷತ್ರದ ಬದಲು ಬಾಲವುಳ್ಳ ಧೂಮಕೇತುವಿದೆ. 1301ರಲ್ಲಿ ಇದೇ ಧೂಮಕೇತು ಬಂದಿತ್ತು. ಜೊತ್ತೊ ಅದನ್ನೇ ಕಂಡು ಬಿಡಿಸಿರಬೇಕೆಂದು ಅನೇಕರ ಅಭಿಪ್ರಾಯ. ಒಂದು ತಲೆಮಾರಿನವನು ಕ್ರಿಸ್ತಜಯಂತಿಯ ಸಂತೋಷಕ್ಕೆ ಹಚ್ಚಿದ ದೀಪ ಇನ್ನೊಂದು ತಲೆಮಾರಿಗೆ ಉರಿಯುವ ಕತ್ತಿಯಾಗಿ ಕಂಡಿತು.

1577ರಲ್ಲಿ ಡೆನ್ಮಾರ್ಕಿನ ಟೀಕೊ ಬ್ರಾಹೆ ಧೂಮಕೇತು ಚಂದ್ರನಿಗಿಂತ ಬಹಳ ಆಚೆ ಇದೆ ಎಂದು ಅಳೆದು ತೋರಿಸಿದ. ಅಲ್ಲಿಗೆ ಅರಿಸ್ಟಾಟಲನ ಉರಿಯುವ ಆವಿ ಆರತೊಡಗಿತು. ನಮ್ಮ ದಕ್ಷಿಣ ಭಾರತಕ್ಕೂ ಇಲ್ಲೊಂದು ಪಾಲಿದೆ. 1689ರ ಡಿಸೆಂಬರಿನಲ್ಲಿ ಪುದುಚೇರಿಯಲ್ಲಿ ಫ್ರಾನ್ಸಿನ ಯೇಸುಸಭೆಯ ಗುರು ಜಾನ್ ರಿಶೋ ದೂರದರ್ಶಕದಿಂದ ಒಂದು ಧೂಮಕೇತುವನ್ನು ನೋಡುತ್ತಿದ್ದಾಗ, ಪಕ್ಕದ ಆಲ್ಫಾ ಸೆಂಟಾರಿ ಎಂಬ ನಕ್ಷತ್ರ ಒಂದಲ್ಲ ಎರಡು ಎಂದು ಕಂಡುಹಿಡಿದರು. ಇನ್ನು ಇಂಗ್ಲೆಂಡಿನ ಎಡ್ಮಂಡ್ ಹ್ಯಾಲಿ 1705ರಲ್ಲಿ 1531, 1607, 1682ರ ಧೂಮಕೇತುಗಳು ಒಂದೇ ಎಂದು ತೋರಿಸಿ, 1456ರದ್ದೂ ಅದೇ ಇರಬೇಕೆಂದು ಸೂಚಿಸಿ, 1758ರಲ್ಲಿ ಮತ್ತೆ ಬರುತ್ತದೆ ಎಂದ. ಹ್ಯಾಲಿ 1742ರಲ್ಲೇ ತೀರಿಕೊಂಡ. 1758ರ ಡಿಸೆಂಬರ್ 25, ಕ್ರಿಸ್ತಜಯಂತಿಯ ರಾತ್ರಿ, ಜರ್ಮನಿಯ ಡ್ರೆಸ್ಡೆನ್ ಬಳಿಯ ಹಳ್ಳಿಯಲ್ಲಿ ಪಾಲಿಟ್ಜ್ ಎಂಬ ರೈತ ತನ್ನ ದೂರದರ್ಶಕದಲ್ಲಿ ಅದನ್ನು ಮೊದಲು ಕಂಡ.

ಲೆಕ್ಕ ಗೊತ್ತಾದ ಮೇಲೆ ಭಯ ಹೋಯಿತೇ? ಇಲ್ಲ, ಬಟ್ಟೆ ಬದಲಿಸಿತು. 1773ರಲ್ಲಿ ಪ್ಯಾರಿಸ್ಸಿನ ಖಗೋಳಜ್ಞ ಲಲಾಂದ್ ಭೂಮಿಯ ಸಮೀಪ ಬರಬಹುದಾದ ಧೂಮಕೇತುಗಳ ಬಗ್ಗೆ ಓದಬೇಕಿದ್ದ ಪ್ರಬಂಧಕ್ಕೆ ಸಭೆಯಲ್ಲಿ ಸಮಯ ಸಿಗಲಿಲ್ಲ. ಓದದೇ ಇದ್ದದ್ದೇ ಗುಲ್ಲಾಯಿತು. ಮೇ ತಿಂಗಳಲ್ಲಿ ಪ್ರಳಯವೆಂದು ನಗರವೆಲ್ಲ ನಡುಗಿತು. 1910ರಲ್ಲಿ ಹ್ಯಾಲಿ ಧೂಮಕೇತು ಬಂದಾಗ ಅದರ ಬಾಲದಲ್ಲಿ ಸಯನೋಜೆನ್ ಎಂಬ ವಿಷಾನಿಲವಿದೆ ಎಂದು ತಿಳಿಯಿತು, ಮೇ 18-19ರಂದು ಭೂಮಿ ಆ ಬಾಲವನ್ನು ಹಾದುಹೋಗಲಿದೆ ಎಂದೂ ಲೆಕ್ಕವಾಯಿತು. ಫ್ರಾನ್ಸಿನ ಪ್ರಸಿದ್ಧ ಖಗೋಳಜ್ಞ ಫ್ಲಮಾರಿಯೊನ್ ಜೀವಿಗಳೆಲ್ಲ ಸಾಯಬಹುದೆಂದು ಹೇಳಿದ್ದಾಗಿ ಪತ್ರಿಕೆಗಳು ಬರೆದವು. ಅಮೆರಿಕದಲ್ಲಿ ಧೂಮಕೇತು ಮಾತ್ರೆಗಳು ಮಾರಾಟವಾದವು, ಜನ ಕೀಲಿಯ ಕಂಡಿಗಳಿಗೆ ಬಟ್ಟೆ ತುರುಕಿದರು. ಬಾಲವೋ ನಾವು ಬಿಡುವ ಉಸಿರಿಗಿಂತ ಕೋಟಿ ಪಾಲು ತೆಳು. ಮೇ 20ರ ಬೆಳಿಗ್ಗೆ ಹಸುಗಳು ಎಂದಿನಂತೆ ಹಾಲು ಕರೆದವು. ಈ ಸಲ ಹೆದರಿಸಿದವರು ಪೋಪರೂ ಅಲ್ಲ, ಜ್ಯೋತಿಷಿಗಳೂ ಅಲ್ಲ.

1997ರದ್ದನ್ನು ಮಾತ್ರ ನಗುತ್ತಾ ಬರೆಯಲಾಗದು. ಆ ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ಹೇಲ್-ಬಾಪ್ ಧೂಮಕೇತು ಸಂಜೆ ವಾಯುವ್ಯದಲ್ಲಿ ಬರಿಗಣ್ಣಿಗೇ ಕಾಣುತ್ತಿತ್ತು. ನಮ್ಮಲ್ಲೂ ಅನೇಕರು ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ತೋರಿಸಿದ್ದೇವೆ. ಅದರ ಹಿಂದೆ ಒಂದು ಅನ್ಯಲೋಕದ ನೌಕೆ ಅಡಗಿದೆ ಎಂಬ ವದಂತಿ ಅಮೆರಿಕದಲ್ಲಿ ಹಬ್ಬಿತು. ಮಾರ್ಚ್ 26ರಂದು, ಪವಿತ್ರ ವಾರದ ಬುಧವಾರ, ಕ್ಯಾಲಿಫೋರ್ನಿಯಾದ ಒಂದು ಮನೆಯಲ್ಲಿ 39 ಮಂದಿಯ ಶವಗಳು ಸಿಕ್ಕವು. ದೇಹ ಬಿಟ್ಟರೆ ಆ ನೌಕೆ ತಮ್ಮನ್ನು ಕರೆದೊಯ್ಯುತ್ತದೆ ಎಂದು ಅವರ ನಾಯಕ ನಂಬಿಸಿದ್ದ. ಸತ್ತವರಲ್ಲಿ ಅವನೂ ಒಬ್ಬ. ಧೂಮಕೇತು ಆಗ ನಮ್ಮಿಂದ ಸುಮಾರು 20 ಕೋಟಿ ಕಿಲೋಮೀಟರ್ ದೂರದಲ್ಲಿ ತನ್ನ ಪಾಡಿಗೆ ತಾನು ಸಾಗುತ್ತಿತ್ತು. ಹತ್ತಿರದವರು ಯಾರಾದರೂ ಸಮಾಧಾನದಿಂದ ಕೂತು ಮಾತನಾಡಿದ್ದರೆ ಒಬ್ಬಿಬ್ಬರಾದರೂ ಉಳಿಯುತ್ತಿದ್ದರೇನೋ ಎಂದು ಈಗಲೂ ಅನಿಸುತ್ತದೆ.

ಹೋದದ್ದು ಹೋಯಿತು ಎನ್ನುವಷ್ಟರಲ್ಲಿ 2025ರ ಜುಲೈ 1ರಂದು ಚಿಲಿ ದೇಶದ ಒಂದು ದೂರದರ್ಶಕ ಬೇರೆ ನಕ್ಷತ್ರಲೋಕದಿಂದ ಬಂದ ಧೂಮಕೇತುವೊಂದನ್ನು ಕಂಡಿತು. 3ಐ/ಅಟ್ಲಾಸ್ ಎಂದು ಅದರ ಹೆಸರು. ಇದೂ ಅನ್ಯಗ್ರಹದ ನೌಕೆಯೇ, ದಾಳಿ ಮಾಡಲು ಬರುತ್ತಿದೆ ಎಂಬ ಸಂದೇಶಗಳು ಮೊಬೈಲಿನಿಂದ ಮೊಬೈಲಿಗೆ ಹಾರಿದವು. ಆ ಡಿಸೆಂಬರ್ 19ರಂದು ಅದು ಭೂಮಿಗೆ ಅತಿ ಹತ್ತಿರ ಬಂದಾಗಲೂ ಸುಮಾರು 27 ಕೋಟಿ ಕಿಲೋಮೀಟರ್ ದೂರವಿತ್ತು, ಅಂದರೆ ಸೂರ್ಯನಿಗಿಂತಲೂ ಆಚೆ. ಅಂಥ ಸಂದೇಶ ಮನೆಗೆ ಬಂದಾಗ ಮಕ್ಕಳು ಕೇಳುವ ಮೊದಲ ಪ್ರಶ್ನೆ "ನಿಜವಾ?" ಎಂದು. ಬೈದು ಬಾಯಿ ಮುಚ್ಚಿಸುವುದಕ್ಕಿಂತ, ಎಷ್ಟು ದೂರದಲ್ಲಿದೆ ನೋಡೋಣ ಬಾ ಎಂದು ಜೊತೆಗೆ ಕೂತು ಹುಡುಕುವುದು ಒಳ್ಳೆಯದೆಂದು ನನ್ನ ಅನುಭವ. ತೊಸ್ಕನೆಲ್ಲಿ ಮಾಡಿದ್ದೂ ಹೆಚ್ಚುಕಡಿಮೆ ಅದನ್ನೇ.

ಕಲ್ಲಿಸ್ತುಸರ ಕಾಲದ ಆ ಧೂಮಕೇತು ಎಲ್ಲಿದೆ ಎಂದು ಈಗ ನಿಖರವಾಗಿ ಗೊತ್ತು. 1986ರ ಮಾರ್ಚಿನಲ್ಲಿ ಚಿತ್ರಕಾರ ಜೊತ್ತೊನ ಹೆಸರನ್ನೇ ಇಟ್ಟ ಯೂರೋಪಿನ ನೌಕೆ ಅದರ ಪಕ್ಕದಲ್ಲಿ, ಸುಮಾರು 600 ಕಿಲೋಮೀಟರ್ ಅಂತರದಲ್ಲಿ ಹಾದುಹೋಗಿ ಚಿತ್ರ ತೆಗೆಯಿತು: ಹದಿನೈದು ಕಿಲೋಮೀಟರ್ ಉದ್ದದ, ಕಲ್ಲಿದ್ದಲಿನಷ್ಟು ಕಪ್ಪಾದ, ಹಿಮ ಮತ್ತು ಧೂಳಿನ ಮುದ್ದೆ. ಸೂರ್ಯನ ಬಿಸಿಗೆ ಆ ಹಿಮ ಆವಿಯಾಗಿ ಚಿಮ್ಮುವುದೇ ಬಾಲ. 2023ರ ಡಿಸೆಂಬರ್ 9ರಂದು ಅದು ಸೂರ್ಯನಿಂದ ಅತಿ ದೂರದ ತಿರುವನ್ನು ದಾಟಿ, ಈಗ ನಮ್ಮ ಕಡೆಗೆ ಮರಳುತ್ತಿದೆ. 2061ರ ಜುಲೈ 28ರಂದು ಸೂರ್ಯನ ಸಮೀಪಕ್ಕೆ ಬರುತ್ತದೆ; 1986ಕ್ಕಿಂತ ಚೆನ್ನಾಗಿ ಕಾಣುತ್ತದಂತೆ. ಈಚೆಗೆ ಪ್ರಥಮ ಪರಮಪ್ರಸಾದ ಸ್ವೀಕರಿಸಿದ ನಮ್ಮ ಮಕ್ಕಳು ಆಗ ನಡುವಯಸ್ಸಿನವರಾಗಿರುತ್ತಾರೆ. ಅದಾದ ಒಂಬತ್ತು ದಿನಕ್ಕೆ ಆಗಸ್ಟ್ 6, ರೂಪಾಂತರದ ಹಬ್ಬ. ಆ ವರ್ಷ ಅದು ಶನಿವಾರ ಬೀಳುತ್ತದೆ.